ಮರಳಿ ಬಂದ ಉಡಿ

ನನ್ನ ಗಂಡನ ಕೆಲಸವೇನೆಂದು ಯಾರಾದರೂ ಕೇಳಿದರೆ "ಕಂಪನಿಯಲ್ಲಿ ಆಫೀಸರ್" ಎಂದು ಮಾತು ಮುಗಿಸುತ್ತೇನೆ. ಕಲ್ಲಿದ್ದಲು ಸಿಕ್ಕ ಊರುಗಳಿಗೆ ಹೋಗಿ ಜನರ ಮನವೊಲಿಸುವುದು ಅವರ ಕೆಲಸ. ಮಕ್ಕಳಿಗೆ ಫುಟ್‌ಬಾಲ್ ಹಂಚುತ್ತಾರೆ, ಮುದುಕರ ಕಣ್ಣು ತಪಾಸಣೆ ಮಾಡಿಸುತ್ತಾರೆ, ಆಮೇಲೆ ಜಮೀನು ಕೇಳುತ್ತಾರೆ. ನಮ್ಮವರು, ಧಾರವಾಡದ ವಿನಾಯಕ, ಆಡುವ ಬಂಗಾಳಿಗೆ ಕೋಲ್ಕತ್ತದ ಬೆಹಾಲಾ ಮಾರ್ಕೆಟ್ಟಿನ ಮೀನಿನವರೂ ತಲೆದೂಗುತ್ತಾರೆ. ನಾಲಿಗೆಗೆ ಬೆಲ್ಲ ಸವರಿಕೊಂಡೇ ಹುಟ್ಟಿದ ಮನುಷ್ಯ.

ಕಳೆದ ಚಳಿಗಾಲದಲ್ಲಿ ಅಂಥದೊಂದು ಸಂತಾಲ ಆದಿವಾಸಿಗಳ ಊರಿನಿಂದ ಕೆಲವರನ್ನು ದೊಡ್ಡ ಸಾಹೇಬರೊಡನೆ ಮಾತುಕತೆಗೆಂದು ಕೋಲ್ಕತ್ತಕ್ಕೆ ಕರೆಸಿದರು. ಅವರಲ್ಲಿದ್ದ ಒಬ್ಬಳೇ ಹೆಂಗಸು ಮೈನೋ ಟುಡು. ಗಣಿ ಬೇಡವೆಂದು ಊರಿನ ಪರವಾಗಿ ಮಾತಾಡುವವಳು ಅವಳೇ. ಮಾತುಕತೆ ಮುಗಿದ ಮೇಲೆ ಗಂಡಸರನ್ನು ಕಾಳಿಘಾಟ್ ಗುಡಿ ನೋಡಲು ಕಳಿಸಿದರು. ಆ ನೂಕುನುಗ್ಗಲು ತನಗೆ ಬೇಡವೆಂದಳಂತೆ. ನಮ್ಮವರು ಅವಳನ್ನು ನಮ್ಮ ಫ್ಲ್ಯಾಟಿಗೆ ಊಟಕ್ಕೆ ಕರೆತಂದರು.

ಅಡುಗೆಮನೆಯಲ್ಲಿ ನಾನು ರೊಟ್ಟಿ ಬಡಿಯುವುದನ್ನು ನೋಡಿದವಳೇ ಪಕ್ಕದಲ್ಲಿ ಕೂತು ತಾನೂ ಒಂದು ಬಡಿದಳು. ಅದು ಹರಿದುಹೋಯಿತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಿಂದಿಗೆ ಬಂಗಾಳಿ ಕಲಸಿ ಸಂಜೆಯವರೆಗೂ ಹರಟಿದೆವು. ಹೊರಟಾಗ ಅವಳನ್ನು ಬರಿಗೈಯಲ್ಲಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ಅವ್ವ ಕೊಟ್ಟಿದ್ದ ಇಳಕಲ್ ಸೀರೆ ತೆಗೆದೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಅರಿಶಿನದ ಬೇರು ಹೊಂದಿಸಿಕೊಂಡೆ.

"ಇದು ಯಾಕೆ ದೀದಿ?" ಎಂದಳು.

"ತವರಿನಿಂದ ಹೊರಡುವ ಮಗಳಿಗೆ ಕೊಡುವುದು. ಬೇಡ ಅನ್ನಬಾರದು."

ಅವಳು ಸೆರಗು ಹಿಡಿದಳು, ನಾನು ಉಡಿ ತುಂಬಿದೆ. ನಮ್ಮವರು ಫೋನೆತ್ತಿ ಫೋಟೋ ತೆಗೆದರು. "ನೆನಪಿಗೊಂದು ಇರ್ಲಿ" ಎಂದರು. ನನಗೂ ಖುಷಿಯಾಗಿತ್ತು.

ಹೋದ ಭಾನುವಾರ ಮಧ್ಯಾಹ್ನ ಬೆಲ್ ಆಯಿತು. ಬಾಗಿಲು ತೆಗೆದರೆ ಮೈನೋ. ಜೊತೆಯಲ್ಲಿ ಒಬ್ಬ ವೃದ್ಧ, ಅವರೂರಿನ ಮುಖಂಡ. ಒಳಗೆ ಬನ್ನಿ ಎಂದರೆ ಇಬ್ಬರೂ ಅಲುಗಲಿಲ್ಲ. ಮುದುಕ ಕಂಕುಳಲ್ಲಿದ್ದ ಫ್ಲೆಕ್ಸ್ ಬಿಚ್ಚಿ ಗೋಡೆಗೆ ಹಿಡಿದ. ಅದರಲ್ಲಿ ನಾನಿದ್ದೆ, ಹಲ್ಲು ಕಿರಿದುಕೊಂಡು ಉಡಿ ತುಂಬುತ್ತಿದ್ದೆ. ಕೆಳಗಿನ ಬಂಗಾಳಿ ಅಕ್ಷರಗಳನ್ನು ಕೂಡಿಸಿಕೊಂಡು ಓದಿದೆ: ಭೂಮಿ ಕೊಡಲು ಮುಂದೆ ಬಂದ ಸೋದರಿಗೆ ಕಂಪನಿ ಕುಟುಂಬದ ಕಾಣಿಕೆ.

"ಕಂಪನಿಯವರು ಇದನ್ನು ಊರ ಬಾಗಿಲಿಗೇ ಕಟ್ಟಿದ್ದರು ದೀದಿ" ಎಂದಳು ಮೈನೋ. "ನಾಳೆ ಸರಕಾರದವರು ಅಹವಾಲು ಕೇಳಲು ಬರುತ್ತಾರೆ. ಕಂಪನಿಯ ಸೀರೆ ತೊಗೊಂಡವಳು ನಮ್ಮ ಪರ ಮಾತಾಡಬಾರದು ಅಂತ ನಮ್ಮೂರವರೇ ಹೇಳುತ್ತಿದ್ದಾರೆ. ಇವರ ಎದುರಿಗೆ ಈ ಸೀರೆ ವಾಪಸ್ ತೊಗೋ."

"ಅದು ಕಂಪನಿಯದಲ್ಲ, ನನ್ನ ತಾಯಿಯ ಸೀರೆ" ಎಂದೆ ಮುದುಕನ ಕಡೆ ತಿರುಗಿ.

ಅವನು ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದ, "ಈ ಮನೆ ಯಾರದಮ್ಮಾ?"

"ಕಂಪನಿ ಕೊಟ್ಟದ್ದು."

"ಆ ಅಕ್ಕಿ?"

ಉಟ್ಟ ಸೀರೆ, ನಿಂತ ನೆಲ, ಬಾಗಿಲಿನ ಚಿಲಕ ಸಮೇತ ಎಲ್ಲವೂ ಕಂಪನಿಯದೇ ಆಗಿರುವಾಗ ನನ್ನ ಪ್ರೀತಿಯೊಂದು ಮಾತ್ರ ನನ್ನದೆಂದು ಅವನಿಗೆ ಹೇಗೆ ಹೇಳಲಿ? ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಒಳಗೆ ಟಿವಿಯಲ್ಲಿ ಕ್ರಿಕೆಟ್ ನಡೆದಿತ್ತು. ಅದರ ಸದ್ದು ಯಾವಾಗಲೋ ಇಳಿದಿತ್ತು. ನಮ್ಮವರು ಅಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾರೆ, ಎದ್ದು ಬರುತ್ತಿಲ್ಲ ಎಂದು ಹೊಳೆದಾಗ ನನಗೆ ಮೈಯೆಲ್ಲ ಉರಿಯಿತು.

"ಹೊರಗ ಬರ್ರಿ. ಫೋನ್ ತಗೊಂಡ ಬರ್ರಿ" ಎಂದು ಕೂಗಿದೆ.

ಬಂದರು. ಮುಖದ ಮೇಲೆ ಆಗಲೇ ನಗು ಅಂಟಿಸಿಕೊಂಡಿದ್ದರು. "ತುಳಸಿ, ನೀ ಸುಮ್ನಿರು. ನಾ ಇವರ ಜೋಡಿ ಮಾತಾಡ್ತೀನಿ."

"ಮಾತು ಸಾಕು. ಇಕಿ ಸೀರಿ ತಿರುಗಿ ಕೊಡ್ಲಿಕ್ಕತ್ತಾಳ. ಅವತ್ತ ತಗದ್ರಲ್ಲ, ಹಂಗ ಫೋಟೋ ತಗೀರಿ. ತಗದು ಇಕಿ ಫೋನಿಗೆ ಕಳಸ್ರಿ, ಊರಾಗ ತೋರಸ್ಲಿ."

"ನಿನಗ ತಿಳೀತದೇನು? ಆಫೀಸಿನವ್ರು ನೋಡಿದ್ರ ನನ್ನ ನೌಕರಿ ಉಳೀತದೇನು?"

"ನೋಡ್ಲಿ. ನನ್ನ ಅವ್ವನ ಸೀರಿ ಊರ ಮುಂದ ತೂಗಹಾಕೂ ಮುಂದ ನನ್ನ ಕೇಳಿದ್ರೇನು?"

ನಗು ಕಳಚಿತು. ಮುದುಕನನ್ನು ನೋಡಿದರು, ಫ್ಲೆಕ್ಸ್ ನೋಡಿದರು. ಕೊನೆಗೆ ಫೋನ್ ಎತ್ತಿದರು.

ನಾನು ಸೆರಗೊಡ್ಡಿದೆ. ಕೊಟ್ಟ ಉಡಿಯನ್ನು ತವರಿನವರು ವಾಪಸ್ ಪಡೆದದ್ದನ್ನು ನಮ್ಮ ಕಡೆ ನಾನು ಕಂಡಿಲ್ಲ, ಕೇಳಿಲ್ಲ. ಮೈನೋ ಸೀರೆಯನ್ನು ನನ್ನ ಸೆರಗಿಗೆ ಹಾಕಿದಳು. ಮಡಿಕೆ ಕೂಡ ಬಿಚ್ಚಿರಲಿಲ್ಲ, ನಾನಿಟ್ಟ ಕುಂಕುಮದ ಕಲೆ ಹಾಗೇ ಇತ್ತು. ಆಮೇಲೆ ಖಾಲಿ ಕೈ ನೋಡಿಕೊಂಡಳು.

"ಅಕ್ಕಿ ಇಲ್ಲ ದೀದಿ. ಹೋದ ದಿನವೇ ಬೇಯಿಸಿ ಮನೆಮನೆಗೂ ಕೊಟ್ಟೆ. ಕೋಲ್ಕತ್ತದಲ್ಲಿ ನನಗೊಂದು ತವರಿದೆ ಅಂತ ಹೇಳಿ ಕೊಟ್ಟೆ."

"ನಾನೂ ತಿಂದೆ" ಎಂದ ಮುದುಕ.

ಅವಳ ಫೋನಿಗೆ ಫೋಟೋ ಹೋಯಿತು. ಅವಳು ಅದನ್ನು ಮುದುಕನಿಗೆ ತೋರಿಸಿದಳು, ಅವನು ತಲೆಯಾಡಿಸಿದ. ನೀರು ಕುಡಿದು ಹೋಗಿ ಎಂದೆ. ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದರು.

ಫೋಟೋ ಚೆನ್ನಾಗಿಯೇ ಬಂದಿದೆ, ನಮ್ಮವರು ಎಂದೂ ಕೆಟ್ಟ ಫೋಟೋ ತೆಗೆದವರಲ್ಲ. ಮೈನೋಳ ಮುಖ, ಮುದುಕನ ಮುಖ, ಸೀರೆಯ ಅಂಚು ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ನನ್ನ ಮುಖ ಮಾತ್ರ ಕಾಣುವುದಿಲ್ಲ. ನಾನು ತಲೆ ಎತ್ತಿರಲಿಲ್ಲ.