ದೂರು ಹಿಂತೆಗೆದ ಮೊಹರು

ನಾನು ಒಂದು ಮೊಹರು. ದೂರದ ಪುಟ್ಟ ದ್ವೀಪದೇಶವೊಂದರ ಬಂದರು ಬೀದಿಯಲ್ಲಿ, ಕೆತ್ತನೆಗಾರನೊಬ್ಬ ಮರದ ಹಿಡಿಗೆ ರಬ್ಬರು ಅಂಟಿಸಿ ನನ್ನನ್ನು ಮಾಡಿದ. ನನ್ನ ಮುಖದಲ್ಲಿ ಸರ್ಕಾರದ ಗುರುತಾದ ಕಡಲಹಕ್ಕಿ. ವಾಣಿಜ್ಯ ಇಲಾಖೆಯ ಮೇಜು ಸೇರಿದ ದಿನ ನನಗೆ ಜಂಬವೋ ಜಂಬ. ಕಾಗದದ ಮೇಲೆ ನಾನು ಬೀಳದೆ ಒಂದು ಡಬ್ಬಿ ವೆನಿಲ್ಲಾವೂ ಹಡಗು ಹತ್ತುವಂತಿರಲಿಲ್ಲ.

ಒಂದು ವರ್ಷ ದೊಡ್ಡ ದೇಶವೊಂದು ನಮ್ಮ ವೆನಿಲ್ಲಾವನ್ನು ತನ್ನ ಬಂದರಿನಲ್ಲೇ ತಡೆಯಿತು. ಬೂಷ್ಟು ಹಿಡಿದಿದೆ ಎಂದಿತು. ಪರೀಕ್ಷೆ ಮಾಡಿಸಿದರೆ ಬೂಷ್ಟೇ ಇರಲಿಲ್ಲ. ಬೆಳೆಗಾರ ಹೆಂಗಸರ ಸಂಘದ ಮುಖ್ಯಸ್ಥೆ ವೋಲಾ ಇಲಾಖೆಗೆ ಬಂದು ಅತ್ತಳು.

ಅಧಿಕಾರಿ ನೊರೊ ಆಕೆಯನ್ನು ಕೂರಿಸಿ, "ದೇಶದೇಶಗಳ ವ್ಯಾಪಾರದ ಜಗಳ ಬಗೆಹರಿಸೋ ಕಡೆ ಜಿನೀವಾದಲ್ಲಿದೆ ಅಕ್ಕಾ. ನಮ್ಮಂಥವರೂ ದೂರು ಕೊಡಬಹುದು," ಎಂದಳು.

ಆ ಕಾನೂನು ಬಲ್ಲ ವಕೀಲರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ನೊರೊ ತಾನೇ ಓದಿ ಓದಿ ದೂರು ಬರೆದಳು. ನಾನು ಬಿದ್ದೆ. ಓದು ಬಾರದ ವೋಲಾ ಪ್ರತಿಯಲ್ಲಿದ್ದ ಹಕ್ಕಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

ನೊರೊಳ ಚೀಲದಲ್ಲಿ ನಾನೂ ಜಿನೀವಾಕ್ಕೆ ಹೋದೆ. ಮೊದಲು ಮಾತುಕತೆ. ಆಚೆ ಆ ದೊಡ್ಡ ದೇಶದ ಹನ್ನೊಂದು ಜನ, ಈಚೆ ಅವಳೊಬ್ಬಳೇ.

"ನಿಮ್ಮ ವಕೀಲರು?" ಎಂದು ಕೇಳಿದರು.

"ನಾನೇ," ಎಂದು ಪರೀಕ್ಷೆಯ ವರದಿ ಮುಂದಿಟ್ಟಳು. ಅವರು ಅದನ್ನು ತಿರುವಿ ತಿರುವಿ ನೋಡಿದರು. ಇನ್ನೊಂದು ದಿನ ಕೊಡಿ ಎಂದರು.

ಅದೇ ಸಂಜೆ ನಮ್ಮ ಮಂತ್ರಿಗಳ ಫೋನು ಬಂತು.

"ನಮ್ಮ ಆಸ್ಪತ್ರೆಗಳ ಔಷಧಿ ಆ ದೇಶದವರೇ ಕಳಿಸೋದು ನೊರೊ. ಈ ಸಲ ತಡವಾಗಬಹುದು ಅಂತಿದ್ದಾರೆ. ದೂರು ವಾಪಸ್ ತಗೊಳ್ಳಮ್ಮ."

"ಸರ್, ನಾವು ಗೆಲ್ತೀವಿ."

"ಗೊತ್ತು. ವಾಪಸ್ ತಗೋ."

ಹಿಂತೆಗೆತದ ಪತ್ರಕ್ಕೆ ನೊರೊ ನನ್ನನ್ನು ಒತ್ತಿದಳು. ನನ್ನ ಶಾಯಿಯಾದರೂ ಒಣಗಿರಬಾರದಿತ್ತೇ? ಸ್ಪಷ್ಟವಾಗಿ, ಅಂದವಾಗಿ ಬಿದ್ದೆ. ಅದನ್ನು ನೆನೆದರೆ ಇಂದಿಗೂ ಮೈ ಹಿಡಿಯಾಗುತ್ತದೆ.

ಊರಿಗೆ ಮರಳಿದಾಗ ವೋಲಾ ಆ ಪತ್ರ ನೋಡಿ ಅರಳಿದಳು. "ಇದರಲ್ಲೂ ಹಕ್ಕಿ ಇದೆ! ಗೆದ್ದೆವಾ?"

ನೊರೊ ತಲೆ ತಗ್ಗಿಸಿದಳು.

"ಸೋತೆವಾ?"

"ಇಲ್ಲ ಅಕ್ಕಾ. ಅರ್ಧಕ್ಕೇ ಎದ್ದು ಬಂದೆವು."

"ನಮ್ಮ ಹೆಂಗಸರಿಗೆ ಏನಂತ ಹೇಳಲಿ?"

ಮರುವರ್ಷ ಆ ಹೆಂಗಸರು ವೆನಿಲ್ಲಾ ಬಳ್ಳಿಗಳನ್ನು ಕಿತ್ತು ಮರಗೆಣಸು ನೆಟ್ಟರಂತೆ.

ಔಷಧಿ ಬಂತು, ಅದೂ ನಿಜ. ಎಷ್ಟೋ ಮಕ್ಕಳು ಬದುಕಿರಬೇಕು. ಆದರೂ ನನ್ನ ನಾಚಿಕೆ ಹೋಗಲಿಲ್ಲ.

ಈಗ ಸಹಿ, ಮೊಹರು ಎಲ್ಲ ಕಂಪ್ಯೂಟರಿನಲ್ಲಿ. ನಾನು ಬೀರುವಿನ ಮೂಲೆಯಲ್ಲಿದ್ದೇನೆ. ನಿವೃತ್ತಿಯ ದಿನ ನೊರೊ ಬೀರು ತೆರೆದಳು. ನನ್ನನ್ನು ಎತ್ತಿ ಹಕ್ಕಿಯ ಮೇಲಿನ ಧೂಳು ಒರೆಸಿದಳು. ಆಮೇಲೆ ಮುಖ ಕೆಳಗೆ ಮಾಡಿ ಇಟ್ಟು ಬಾಗಿಲು ಹಾಕಿದಳು.

ನನಗೂ ಅದೇ ಬೇಕಾಗಿತ್ತು.