ಸೀಮೆಎಣ್ಣೆಯ ಕಿಚ್ಚು

ಮೂರನೆಯ ಸಲ ರಬ್ಬರ್ ಬುಗ್ಗೆಯನ್ನು ಅಮುಕಿದಾಗ ಬೆಂಕಿ ಒಂದು ಗೇಣು ಮುಂದಕ್ಕೆ ಚಿಮ್ಮಿ ಹಾಲನ್‌ನ ಎಡಹುಬ್ಬನ್ನು ಸುಟ್ಟಿತು. ಅವನು ಉರಿಗೆ ಕೂಗಲಿಲ್ಲ, ಖುಷಿಗೆ ಕುಣಿದ. ಚಹಾ ಫ್ಯಾಕ್ಟರಿಯ ಹಿಂಬದಿಯ ಆ ತಗಡಿನ ವರ್ಕ್‌ಶಾಪಿನಲ್ಲಿ ಭಾನುವಾರವಾದ್ದರಿಂದ ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೆ, ಎಲೆ ಒಣಗಿಸುವ ಒಲೆಗಳ ರಿಪೇರಿ ಮಾಡುವ ಈ ಗಂಭೀರ ಮನುಷ್ಯನಿಗೆ ತಲೆ ಕೆಟ್ಟಿದೆಯೆಂದು ಕುಂದಾ ಸೀಮೆಯ ಹಟ್ಟಿಗಳಿಗೆಲ್ಲ ಸುದ್ದಿ ಹಬ್ಬಿಬಿಡುತ್ತಿತ್ತು.

ಸಾಮಾನೆಲ್ಲ ಕಸದಿಂದ ಎತ್ತಿಕೊಂಡದ್ದು. ಒಡೆದ ಬಾಯ್ಲರಿನ ಹಿತ್ತಾಳೆ ಕೊಳವೆ ಒಂದು ತುಂಡು. ಅದರೊಳಗೆ ಸೀಮೆಎಣ್ಣೆ ಕುಡಿದ ದಪ್ಪ ಬತ್ತಿ. ತುದಿಯಲ್ಲಿ ಯಾವನೋ ಬಿಳಿ ದೊರೆ ಬಿಸಾಡಿದ ಸಿಗರೇಟು ಲೈಟರಿನ ಕಿಡಿಚಕ್ರ. ಹಿಂದುಗಡೆ, ಮ್ಯಾನೇಜರ್ ದೊರೆಯ ಮೋಟಾರಿನ ಹಳೆಯ ಹಾರ್ನಿನ ರಬ್ಬರ್ ಬುಗ್ಗೆ. ಹೆಬ್ಬೆರಳಲ್ಲಿ ಚಕ್ರ ತಿರುವಿದರೆ ಬತ್ತಿ ಹತ್ತುತ್ತಿತ್ತು. ಬುಗ್ಗೆ ಅಮುಕಿದರೆ ಗಾಳಿ ನುಗ್ಗಿ ಉರಿ ಮುಂದಕ್ಕೆ ಹಾಯುತ್ತಿತ್ತು. ಎಂಥ ಒದ್ದೆ ಸೌದೆಯೂ ಅದರ ಮುಂದೆ ಬಹಳ ಹೊತ್ತು ಹಟ ಮಾಡುವಂತಿರಲಿಲ್ಲ.

ಇದೆಲ್ಲ ಅಣ್ಣ ಭೋಜನ್‌ಗಾಗಿ. ಬೇಟೆಗೆಂದು, ಮೀನು ಹಿಡಿಯಲೆಂದು ಮೇಲಿನ ಹುಲ್ಲುಬೆಟ್ಟಗಳಿಗೆ ಬರುವ ದೊರೆಗಳ ಬಿಡಾರದಲ್ಲಿ ಅವನ ಕೆಲಸ ಒಂದೇ: ಗುಡಾರದ ಮುಂದೆ ಬೆಂಕಿ ಹೊತ್ತಿಸುವುದು, ಅದು ಆರದಂತೆ ನೋಡಿಕೊಳ್ಳುವುದು. ಮಂಜು, ಮಳೆ, ನೆನೆದ ಸೌದೆ ಯಾವುದನ್ನೂ ದೊರೆಗಳು ಕೇಳುವವರಲ್ಲ. ಮಂಡಿಯೂರಿ ಊದುಗೊಳವೆಯಲ್ಲಿ ಊದಿ ಊದಿ, ಹೊಗೆ ಕುಡಿದು ಕುಡಿದು ಭೋಜನ್‌ನ ಎದೆ ತೂತುಬಿದ್ದ ತಿದಿಯಂತಾಗಿತ್ತು. ಮಾತಾಡುತ್ತ ಮಾತಾಡುತ್ತ ನಿಲ್ಲಿಸಿ ಉಸಿರು ಹುಡುಕುತ್ತಿದ್ದ. ಅಪ್ಪ ಸತ್ತ ಮೇಲೆ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ ಹೀಗೆ ಬಾಯಿ ಬಾಯಿ ಬಿಡುವುದನ್ನು ಕಂಡರೆ ಹಾಲನ್‌ಗೆ ಭಾನುವಾರವೂ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ.

ಅಣ್ಣನ ಮನೆ, ತಮ್ಮನ ಮನೆ ಒಂದೇ ಸಾಲಿನಲ್ಲಿ, ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಅತ್ತಿಗೆ ಮಾತಿ ಅವನ ಕೈಯಲ್ಲಿದ್ದುದನ್ನು ನೋಡಿದ್ದೇ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಏನ ಇದು, ಹಾಲ? ಕಿಚ್ಚು ಹಚ್ಚುವದಾ, ಮೋಟಾರು ಓಡಿಸುವದಾ?"

ಭೋಜನ್ ನಗಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮೂಗಿನ ಹತ್ತಿರ ಹಿಡಿದ. "ಸೀಮೆಎಣ್ಣೆ ನಾತ," ಎಂದ.

"ನಾತ ಇದ್ದರ ಇರಲಿ ಅಣ್ಣ. ನೀ ಊದುವದು ಬೇಡ. ಅಮುಕಿದರ ಸಾಕು."

ಭೋಜನ್ ಅಂಗಳದಲ್ಲಿ ಬಿದ್ದಿದ್ದ ಹಸಿ ಕಡ್ಡಿಗಳ ಮೇಲೆ ಒಮ್ಮೆ ಅಮುಕಿ ನೋಡಿದ. ಕಡ್ಡಿ ಚಟಪಟ ಎಂದು ಹತ್ತಿಕೊಂಡಾಗ ಅವನ ಮುಖದಲ್ಲೂ ಸ್ವಲ್ಪ ಬೆಳಕಾಯಿತು. "ದೊರೆ ಬಿಡಾರಕ ಆಕು," ಎಂದ. "ದೊರೆಗ ಚಳಿ ಹೋದರ ಸಾಕು, ಕಿಚ್ಚು ಎಲ್ಲಿಂದ ಬಂತು ಅಂತ ಕೇಳುವದಿಲ್ಲೆ. ಸುತ್ತುಕಲ್ಲ ಹತ್ತರ ಮಾತ್ರ ಇದ ತರಬೇಡ, ಹಾಲ."

ಸುತ್ತುಕಲ್ಲು ಎಂದರೆ ಹಟ್ಟಿಗೆ ಗುಡಿಯಂತಿದ್ದ ಹಾಲುಮನೆಯ ಪಕ್ಕದಲ್ಲಿ ಕಲ್ಲುಗಳು ಸುತ್ತುವರಿದ ಪುಟ್ಟ ಬಯಲು. ಬಿತ್ತನೆ ಹಬ್ಬದ ಹಿಂದಿನ ಸಂಜೆ ಆ ಹಟ್ಟಿಯಲ್ಲಿ ಎಲ್ಲ ಒಲೆಗಳನ್ನೂ ಆರಿಸಿಬಿಡುತ್ತಿದ್ದರು. ಬೆಳಿಗ್ಗೆ ಆ ಬಯಲಿನಲ್ಲಿ ಮರಕ್ಕೆ ಮರ ಕಡೆದು ಹೊಸ ಕಿಚ್ಚು ಹುಟ್ಟಿಸಬೇಕು. ಅದೇ ಕೆಂಡ ಮನೆಮನೆಯ ಒಲೆಗೆ ಹೋಗಿ ಮುಂದಿನ ಹಬ್ಬದವರೆಗೆ ಅನ್ನ ಬೇಯಿಸಬೇಕು. ಕಡೆಯುವ ಹಕ್ಕು ಭೋಜನ್‌ನ ಮನೆತನದ್ದು. ಹೊತ್ತು ನೆತ್ತಿಗೆ ಬರುವುದರೊಳಗೆ ಕಿಚ್ಚು ಹುಟ್ಟದೆ ಹೋದರೆ ದೇವರು ಆ ಮನೆಗೆ ಬೆನ್ನು ತಿರುಗಿಸಿದ ಎಂದು ಲೆಕ್ಕ, ಹಕ್ಕು ಕೆಳಸಾಲಿನ ಮನೆತನದ ಪಾಲು. ಭೋಜನ್‌ಗೆ ಮಕ್ಕಳಿರಲಿಲ್ಲ, ಹೊಲವೂ ಅಷ್ಟಕ್ಕಷ್ಟೆ. ಹಟ್ಟಿಯಲ್ಲಿ ತಲೆಯೆತ್ತಿ ನಡೆಯಲು ಅವನಿಗಿದ್ದದ್ದು ಅದೊಂದೇ.

ಆ ಚಳಿಗಾಲ ಬಿಡಾರದಲ್ಲಿ ಕೊಳವೆ ಚೆನ್ನಾಗಿಯೇ ದುಡಿಯಿತು. ದೊರೆಗಳು ಚಪ್ಪಾಳೆ ತಟ್ಟಿದರಂತೆ, ಒಬ್ಬ ದೊರೆಸಾನಿ ತಾನೇ ಅಮುಕಿ ನೋಡಿ ಕಿರುಚಿದಳಂತೆ. ಆದರೆ ಎದೆ ಹಾಳಾಗುವುದು ಅದಾಗಲೇ ಆಗಿಹೋಗಿತ್ತು. ಹಬ್ಬ ಹತ್ತಿರ ಬರುತ್ತಿದ್ದಂತೆ ಭೋಜನ್ ಕಿಚ್ಚಿನ ಕಡೆಗೋಲನ್ನು ತೆಗೆದು ಎಣ್ಣೆಗೈಯಿಂದ ಸವರುತ್ತ ಕೂರತೊಡಗಿದ. "ಈ ಸಲ ಕಿಚ್ಚು ಬರದಿದ್ದರ, ಸತ್ತು ಹೋದಾಗ ಅಪ್ಪನ ಮುಖ ಹೇಗ ನೋಡಲಿ?" ಎಂದು ತಮ್ಮನನ್ನು ಕೇಳಿದ. ಹಾಲನ್ ಆಗಲೇ ಒಂದು ನಿಶ್ಚಯ ಮಾಡಿಬಿಟ್ಟಿದ್ದ. ಅದನ್ನು ಅಣ್ಣನಿಗೆ ಹೇಳದೆ ಇದ್ದದ್ದೇ ಕೆಟ್ಟದ್ದಾಯಿತು.

ಹಬ್ಬದ ಬೆಳಿಗ್ಗೆ ಬೆಟ್ಟವೆಲ್ಲ ಮಂಜು, ಜೊತೆಗೆ ತುಂತುರು. ಗಂಡಸರು ಸುತ್ತುಕಲ್ಲಿನ ಹೊರಗೆ, ಹೆಂಗಸರು ಮಡಕೆ ಹಿಡಿದು ಇನ್ನೂ ಆಚೆಗೆ, ಎಲ್ಲರೂ ಬೆನ್ನು ತಿರುಗಿಸಿ ನಿಂತಿದ್ದರು. ಹೆರಿಗೆಯನ್ನು ಹೇಗೆ ಇಣುಕಿ ನೋಡಬಾರದೋ ಕಿಚ್ಚಿನ ಹುಟ್ಟನ್ನೂ ಹಾಗೆಯೇ ನೋಡಬಾರದೆಂಬುದು ಹಿರಿಯರ ಕಟ್ಟಳೆ. ಒಳಗೆ ಇಬ್ಬರೇ. ಕೆಳಗಿನ ಕಟ್ಟಿಗೆಯನ್ನು ಕಾಲಲ್ಲಿ ಅದುಮಿ ಹಿಡಿಯುವವನು ಹಾಲನ್. ಅದರ ಕುಳಿಯಲ್ಲಿ ಕೋಲು ನಿಲ್ಲಿಸಿ ಅಂಗೈಗಳಿಂದ ಕಡೆಯುವವನು ಭೋಜನ್. ಗಾಳಿ ಬೀಳದಂತೆ ಇಬ್ಬರ ತಲೆಯ ಮೇಲೆ ಕಂಬಳಿ.

ಭೋಜನ್ ಕಡೆದ. ನಿಂತು ಉಸಿರೆಳೆದುಕೊಂಡು ಮತ್ತೆ ಕಡೆದ. ಒಮ್ಮೆ ಕೂದಲೆಳೆಯಷ್ಟು ಹೊಗೆ ಬಂದಂತಾಯಿತು, ಅಷ್ಟರಲ್ಲೇ ಕೈ ಸೋತಿತು. ಹೊರಗಿನಿಂದ ಹಟ್ಟಿಯ ಗೌಡ, "ಹೊತ್ತು ಏರುತ್ತಾ ಬಂತು, ಭೋಜ," ಎಂದು ಕೂಗಿ ಹೇಳಿದ. ಆ ಮಾತಿಗೆ ಅವಸರಪಟ್ಟು ಕಡೆಯಹೋದ ಭೋಜನ್‌ಗೆ ಕೆಮ್ಮು ನುಗ್ಗಿ ಬಂತು. ಕೋಲು ಬಿಟ್ಟು, ಹಣೆಯನ್ನು ನೆಲಕ್ಕೆ ಊರಿ, ಮೈಯೆಲ್ಲ ಅದುರುವಂತೆ ಕೆಮ್ಮಿದ.

ಹಾಲನ್ ಸೊಂಟದಲ್ಲಿ ಅಡಗಿಸಿ ತಂದಿದ್ದ ಸೀಮೆಎಣ್ಣೆ ಕೊಳವೆ ತೆಗೆದ. ಚಕ್ರದ ಸದ್ದು ಕೆಮ್ಮಿನಲ್ಲಿ ಮುಚ್ಚಿಹೋಯಿತು. ಕಿಡಿ ಹಿಡಿಯಲೆಂದು ಇಟ್ಟಿದ್ದ ಒಣ ನಾರಿನ ಉಂಡೆ ಭಗ್ಗೆಂದು ಹತ್ತಿಕೊಂಡಿತು.

"ಓ ಹೌ ಹೌ!" ಕಂಬಳಿ ಸರಿಸಿ ಹಾಲನ್ ಕೂಗಿದ. ಹಟ್ಟಿಗೆ ಹಟ್ಟಿಯೇ ತಿರುಗಿ "ಹೌ ಹೌ" ಎಂದಿತು. ಭೋಜನ್ ತಲೆಯೆತ್ತಿದ. ಉರಿಯನ್ನು ನೋಡಿದ, ಕೋಲಿನ ತುದಿಯನ್ನು ನೋಡಿದ, ತಮ್ಮನನ್ನು ನೋಡಿದ. ಕಣ್ಣಿನಿಂದ ನೀರು ಇಳಿಯಿತು. ಹಾಲನ್‌ಗೆ ಅದು ಸಂತೋಷದ ಕಣ್ಣೀರಾಗಿ ಕಂಡಿತು. ಪ್ರೀತಿ ಮನುಷ್ಯನನ್ನು ಎಷ್ಟು ಕುರುಡ ಮಾಡುತ್ತದೆ ನೋಡಿ.

ಹಬ್ಬ ಮುಗಿಯಿತು, ಸಾಮೆ ಬಿತ್ತಿದರು, ಎಲ್ಲ ಮನೆಗಳ ಸೂರಿನಿಂದಲೂ ಹೊಗೆ ಎದ್ದಿತು. ಭೋಜನ್‌ನ ಮನೆಯಿಂದ ಮಾತ್ರ ಏಳಲಿಲ್ಲ. ಮಾತಿ ಬಂದು ಹಾಲನ್‌ನ ಒಲೆಯಲ್ಲಿ ಅವನ ಹೆಂಡತಿ ಲಿಂಗಿಯ ಜೊತೆ ಅಡುಗೆ ಮಾಡಿಕೊಂಡು ಹೋಗತೊಡಗಿದಳು. ಕೇಳಿದವರಿಗೆ, "ಅವರಿಗ ಹೊಗೆ ತಡೆಯದು, ಎದೆ ನೋವು," ಎನ್ನುತ್ತಿದ್ದಳು. ಹಟ್ಟಿ ಅದನ್ನು ನಂಬಿತು. ಹಾಲನ್‌ ಕೂಡ ನಂಬಿದ್ದ, ಒಂದು ಸಂಜೆ ತಾನೇ ಬಿಸಿ ಮುದ್ದೆ ತೆಗೆದುಕೊಂಡು ಅಣ್ಣನ ಮನೆಗೆ ಹೋಗುವವರೆಗೆ. ಕತ್ತಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಭೋಜನ್ ಹಸಿ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ ತಿನ್ನುತ್ತಿದ್ದ. ಮುದ್ದೆಯನ್ನು ಮುಟ್ಟಲಿಲ್ಲ.

"ಅಣ್ಣ, ಇದ ಏಕ ತಿನ್ನುವದಿಲ್ಲೆ?"

"ಕೋಲ ತುದಿ ಕರಿ ಆಗಲಿಲ್ಲೆ, ಹಾಲ," ಎಂದ ಭೋಜನ್. ಸಿಟ್ಟಿರಲಿಲ್ಲ ದನಿಯಲ್ಲಿ. "ಕಿಚ್ಚು ಎಲ್ಲಿಂದ ಬಂತು?"

ಹಾಲನ್ ಮುದ್ದೆಯನ್ನು ಕೆಳಗಿಟ್ಟ. "ನಿನ್ನ ಹಕ್ಕು ಹೋಗಬಾರದು ಅಂತ..."

"ಹಕ್ಕು ಇದ್ದುದೆ. ಕಿಚ್ಚು ಇಲ್ಲೆ."

"ನಾಳೆ ಗೌಡರಿಗ ಹೇಳಿನೆ. ಎನ್ನ ತಪ್ಪು ಅಂತ ಎಲ್ಲರ ಮುಂದ ಹೇಳಿನೆ."

"ಹೇಳಿದರ ಬಿತ್ತಿದ್ದನೆಲ್ಲ ಕೆದರಿ ಹಾಕುವರ. ಮತ್ತೆ ಬಿತ್ತುಕ ಬೀಜ ಎಲ್ಲಿ ಇದ್ದುದೆ? ಹಟ್ಟಿ ಮಕ್ಕ ಏನ ತಿನ್ನುವದು?" ಭೋಜನ್ ಉಸಿರಿಗಾಗಿ ತಡೆದ. "ಹಟ್ಟಿಗ ತಿಳಿಯದು, ತಿಳಿಯದವರಿಗ ಪಾಪ ಇಲ್ಲೆ. ನಾ ಬಲ್ಲೆ. ಬಲ್ಲವ ಆ ಕಿಚ್ಚಲಿ ಬೆಂದುದ ತಿನ್ನಬಾರದು. ಬರುವ ಹಬ್ಬಕ ಹೊಸ ಕಿಚ್ಚು ಬರಲಿ, ಆಗ ತಿನ್ನಿನೆ."

ಬರುವ ಹಬ್ಬ! ಮಧ್ಯೆ ಇಡೀ ಮಳೆಗಾಲ ಬಿದ್ದಿತ್ತು. ಕುಂದಾದ ಮಳೆಗಾಲದಲ್ಲಿ ಬೆಂಕಿಯಿಲ್ಲದ ಮನೆಯಲ್ಲಿ ಗಟ್ಟಿ ಎದೆಯವನೇ ಉಳಿಯುವುದು ಕಷ್ಟ. ಮೂಲೆಯಲ್ಲಿ ಕೂತಿದ್ದ ಮಾತಿ ಆಗ ಬಾಯಿ ತೆರೆದಳು. "ಅಣ್ಣ ತಮ್ಮ ಇಬ್ಬರೂ ಕೂಡಿ ಎನ್ನ ಒಲೆಗ ಮಣ್ಣು ಹಾಕಿದರ. ಒಬ್ಬಗ ಅಣ್ಣನ ಮೇಲ ಆಸೆ ಹೆಚ್ಚು, ಒಬ್ಬಗ ದೇವರು ಹೆಚ್ಚು. ಎನ್ನ ಕೇಳುವವರು ಯಾರೂ ಇಲ್ಲೆ."

ಹಾಲನ್ ಅಣ್ಣನ ಕಾಲು ಹಿಡಿದುಕೊಂಡ. "ನಾ ಕಡೆದು ತಂದರ ನಿನ್ನ ಒಲೆಗ ಹಾಕುವಿಯಾ?"

"ಮರದಿಂದ ಬಂದರ ಹಾಕಿನೆ," ಎಂದ ಭೋಜನ್.

ಮರುದಿನವೇ ಹಾಲನ್ ಕೊಳವೆಯನ್ನು ಫ್ಯಾಕ್ಟರಿಯ ದೊಡ್ಡ ಒಲೆಗೆ ಎಸೆದ. ರಬ್ಬರ್ ಸುಟ್ಟ ವಾಸನೆಗೆ ಮೇಸ್ತ್ರಿಯಿಂದ ಬೈಸಿಕೊಂಡ. ಅಂದಿನಿಂದ ಕೆಲಸ ಬಿಟ್ಟೊಡನೆ ದನದ ಕೊಟ್ಟಿಗೆಯಲ್ಲಿ ಕೂತು ಕಡೆಯುವುದೇ ಕಡೆಯುವುದು. ಅಪ್ಪ ಅಣ್ಣನಿಗೆ ಕಲಿಸಿದ್ದನ್ನು ಇವನು ಕಲಿತಿರಲಿಲ್ಲ. ಹಿರಿಯ ಮಗನಿಗೆ ಇದ್ದರೆ ಸಾಕು, ಕಿರಿಯವನು ಫ್ಯಾಕ್ಟರಿಗೆ ಹೋಗಲಿ ಎಂದು ಹಿರಿಯರು ಹೇಳಿದ್ದರು. ಕೋಲು ಜಾರುತ್ತಿತ್ತು, ಕುಳಿ ಸವೆಯುತ್ತಿತ್ತು, ಹೊಗೆ ಬಂದು ಕಿಚ್ಚು ಬಾರದೆ ಅಣಕಿಸುತ್ತಿತ್ತು. ಮಳೆ ಹಿಡಿದ ಮೇಲೆ ಕಟ್ಟಿಗೆ ತೇವ ಕುಡಿಯತೊಡಗಿತು. ಫ್ಯಾಕ್ಟರಿಯ ಒಲೆಯ ಮೇಲಿಟ್ಟರೆ ಕ್ಷಣದಲ್ಲಿ ಒಣಗುತ್ತದೆ ಎಂದು ಅವನಿಗೆ ಹೊಳೆಯದೆ ಇರಲಿಲ್ಲ. ಹಾಗೆ ಮಾಡಲಿಲ್ಲ. ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮೈಶಾಖದಲ್ಲೇ ಒಣಗಿಸಿದ. ಅಂಗೈಗಳಲ್ಲಿ ಗುಳ್ಳೆ ಎದ್ದು ಒಡೆದು, ಅದರ ಮೇಲೆ ಮತ್ತೆ ಎದ್ದು, ಚರ್ಮ ಸುಲಿದು ಕೆಂಪಾದವು. ಲಿಂಗಿ ಬೆಣ್ಣೆ ಸವರಿ ಅತ್ತಳು. ಹಗಲು ಅದೇ ಕೈಯಲ್ಲಿ ಸೀಮೆಎಣ್ಣೆ ಹಾಕಿ ಯಂತ್ರಗಳ ಜಿಡ್ಡು ತೊಳೆಯಬೇಕಿತ್ತು; ಆ ನಾತ ರಜೆಯ ದಿನವೂ ಕೈ ಬಿಡುತ್ತಿರಲಿಲ್ಲ.

ಗೋಡೆಯಾಚೆ ಅಣ್ಣನ ಕೆಮ್ಮು ದಿನದಿನಕ್ಕೂ ಸಣ್ಣದಾಗುತ್ತಿತ್ತು. ಗುಣವಾಗಿ ಅಲ್ಲ, ಕೆಮ್ಮುವ ತ್ರಾಣ ಹೋಗಿ.

ನಡುಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ, ಮಳೆಗೆ ದಾರಿ ಕುಸಿದು ಫ್ಯಾಕ್ಟರಿಗೆ ರಜೆಯಾಗಿದ್ದಾಗ, ಕುಳಿಯ ಬಾಯಲ್ಲಿದ್ದ ಕರಿ ಪುಡಿಯೊಳಗೆ ಒಂದು ಕೆಂಪು ಚುಕ್ಕೆ ಕಂಡಿತು. ಹಾಲನ್ ಉಸಿರು ಬಿಗಿಹಿಡಿದು ಅದನ್ನು ನಾರಿಗೆ ಜಾರಿಸಿದ, ಅಂಗೈ ಮರೆಮಾಡಿ ಊದಿದ. ಹತ್ತಿತು! ಅವನು ಕೂಗಲಿಲ್ಲ, ಕುಣಿಯಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ. ಮಡಕೆಯಲ್ಲಿ ಬೂದಿ ಹಾಸಿ, ಕೆಂಡ ಮಾಡಿ ಇಟ್ಟು, ಕಂಬಳಿಯಲ್ಲಿ ಮರೆಮಾಡಿಕೊಂಡು ಅಣ್ಣನ ಮನೆಗೆ ಓಡಿದ.

"ಅಣ್ಣ, ಬಂತು! ಮರದಿಂದ ಬಂತು!"

ಭೋಜನ್ ಮಲಗಿದ್ದ. ಮಾತಿ ತಲೆ ಎತ್ತಿ ಹಿಡಿದಳು. ಹಾಲನ್ ಮಡಕೆಯನ್ನು ಅವನ ಮುಖದ ಹತ್ತಿರ ತಂದ. ಕೆಂಡದ ಬೆಳಕು ಆ ಬತ್ತಿದ ಕೆನ್ನೆಗಳ ಮೇಲೆ ಬಿತ್ತು. ಭೋಜನ್ ಕಣ್ಣು ಮುಚ್ಚಿ, ಇದ್ದಷ್ಟು ಉಸಿರಲ್ಲಿ ಮೂಸಿದ.

"ಸೀಮೆಎಣ್ಣೆ," ಎಂದ.

"ಅದು ಎನ್ನ ಕೈದು ಅಣ್ಣ! ಫ್ಯಾಕ್ಟರಿ ಕೈದು! ಕಿಚ್ಚಿಂದಲ್ಲ. ಹೆತ್ತೆ ದೇವಿ ಆಣೆ!" ಹಾಲನ್ ಮಡಕೆ ಕೆಳಗಿಟ್ಟು ಎರಡೂ ಅಂಗೈಗಳನ್ನು ಅಣ್ಣನ ಕೈಯಲ್ಲಿಟ್ಟ. "ಮುಟ್ಟಿ ನೋಡು!"

ಭೋಜನ್‌ನ ತಣ್ಣನೆಯ ಬೆರಳುಗಳು ಆ ಸುಲಿದ ಅಂಗೈಗಳ ಮೇಲೆ ಮೆಲ್ಲಗೆ ಹರಿದಾಡಿದವು. ಅವನ ಮುಖದಲ್ಲಿ ಮರುಕ ಮೂಡಿತು. "ಅಯ್ಯೋ, ಸುಟ್ಟುಕೊಂಡಿಯಾ," ಎಂದ. "ಎನಗಾಗಿ ಏಕ ಇಷ್ಟು ಮಾಡುವದು? ನಿನಗ ಎನ್ನ ಮೇಲ ಬಲು ಆಸೆ, ಹಾಲ. ನಾ ಬಲ್ಲೆ. ಅದ ಹೊರಗ ಇಡು."

"ಇಲ್ಲೆ ಅಣ್ಣ, ಕಡೆದು ಕಡೆದು..."

"ಹೊರಗ ಇಡು, ತಮ್ಮ."

ಮಾತಿ ಮೈದುನನ ಮುಖ ನೋಡಿದಳು. ಅವಳು ನಂಬಿದಳು, ಕೊಟ್ಟಿಗೆಯ ಸದ್ದನ್ನು ತಿಂಗಳುಗಟ್ಟಲೆ ಕೇಳಿದವಳು ಅವಳು. "ನಿಜ ಹೇಳುತ್ತಾನ, ಕೇಳಿ," ಎಂದು ಗಂಡನ ಕಿವಿಯಲ್ಲಿ ಹೇಳಿದಳು. ಭೋಜನ್ ಮಾತ್ರ ಗೋಡೆಯ ಕಡೆಗೆ ಹೊರಳಿಯಾಗಿತ್ತು.

ಹಾಲನ್ ಮಡಕೆ ಹಿಡಿದು ಹೊರಗೆ ಸೂರಿನ ಕೆಳಗೆ ಕೂತ. ಕಂಬಳಿಯನ್ನು ಮಳೆಗೆ ಅಡ್ಡ ಹಿಡಿದು ಒಂದೊಂದೇ ಕಡ್ಡಿ ಇಡುತ್ತ ಊದಿದ. ಸಂಜೆಯ ಹೊತ್ತಿಗೆ ಅಣ್ಣನ ಮನಸ್ಸು ತಿರುಗಬಹುದು, ಹಾಲಾದರೂ ಕಾಯಿಸಿ ಕುಡಿಸಬಹುದು ಎಂಬ ಆಸೆ. ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಬಹಳ ಹೊತ್ತು ಕೇಳಿಸಲಿಲ್ಲ. ನಿದ್ದೆ ಹತ್ತಿರಬೇಕೆಂದುಕೊಂಡು ಅವನು ಸದ್ದಾಗದಂತೆ ಊದಿದ.

ಬೆಳಕು ಇಳಿಯುವ ಹೊತ್ತಿಗೆ ಮಾತಿ ಬಾಗಿಲಿಗೆ ಬಂದಳು. ಅವಳು ಅಳುತ್ತಿರಲಿಲ್ಲ. ಬಗ್ಗಿ ಅವನ ಕೈಯಿಂದ ಮಡಕೆ ತೆಗೆದುಕೊಂಡಳು.

"ಇದ ಕೊಡು, ಹಾಲ," ಎಂದಳು. "ಅವರ ಮೈ ತೊಳೆಯುಕ ನೀರು ಕಾಯಿಸಬೇಕು."

ಅವಳು ಒಳಗೆ ಹೋದಳು. ಒಲೆಗೆ ಸೌದೆ ಜೋಡಿಸುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಸೂರಿನ ಸಂದಿಗಳಿಂದ ಹೊಗೆ ಬರತೊಡಗಿತು. ಹೊಲದಿಂದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಪಕ್ಕದ ಮನೆಯ ನಂಜಿ ಅದನ್ನು ಕಂಡು ಅಂಗಳದಲ್ಲೇ ನಿಂತಳು.

"ಓ, ಭೋಜಣ್ಣನ ಮನೆ ಒಲೆ ಹತ್ತಿತು!" ಎಂದು ಅವಳು ಸಂತೋಷದಿಂದ ಹಟ್ಟಿಗೆಲ್ಲ ಕೇಳುವಂತೆ ಕೂಗಿದಳು. "ಎದೆ ನೋವು ಹೋಯಿತು ಕಾಣು, ಹಾಲ?"

ಹೊಗೆ ಮಳೆಯಲ್ಲಿ ಮೇಲೇರಲಾರದೆ ಸೂರಿನ ಮೇಲೆಯೇ ಹರಡಿಕೊಂಡಿತ್ತು.