ಎಡಗಡೆಯ ಬ್ರೇಕು

ಖಾನಾಪುರದ ಆ ಹಂಚಿನ ಕಾರ್ಖಾನೆ ಮುಚ್ಚಿ ಬಹಳ ಕಾಲವಾಗಿತ್ತು. ಲಾರಿಗಳು ತಿರುಗುತ್ತಿದ್ದ ಅದರ ಬಯಲಿನಲ್ಲಿ ಈಗ ವರ್ಷಕ್ಕೊಮ್ಮೆ ಕಾರುಗಳ ರೇಸು ನಡೆಯುತ್ತದೆ. ಸುತ್ತುದಾರಿ ಅರ್ಧ ಡಾಂಬರು, ಅರ್ಧ ಕೆಂಪು ಮಣ್ಣು. ಉದ್ದನೆಯ ನೇರ ದಾರಿಯಲ್ಲಿ ಮೊದಲು ಹಳೆಯ ಚಿಮಣಿ, ಆಮೇಲೆ ಬಲಕ್ಕೊಂದು ತಿರುವು. ತಿರುಗದೆ ನೇರ ಹೋದರೆ ಹಂಚಿಗೆಂದು ಮಣ್ಣು ತೆಗೆದ ಹೊಂಡ. ಹೋದ ಮಳೆಗಾಲದ ನೀರು ಅದರಲ್ಲಿ ಇನ್ನೂ ನಿಂತಿತ್ತು.

ಆ ಬೆಳಿಗ್ಗೆ ಬಯಲಿನಲ್ಲಿ ಮೂವರಿದ್ದರು, ಜೊತೆಗೆ ಒಂದು ಬಿಳಿಯ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಅದರ ನೆತ್ತಿಯ ಮೇಲೆ ‘ಮಾರ್ತಾಂಡ ಮೋಟಾರ್ ಡ್ರೈವಿಂಗ್ ಸ್ಕೂಲ್, ಟಿಳಕವಾಡಿ’ ಎಂಬ ಹಲಗೆ.

“ತುಕ್ಕು ಹಿಡದಿಲ್ಲ,” ಕಾರಿನ ಕೆಳಗಿನಿಂದ ಖಲೀಲನ ದನಿ ಬಂತು. ಅವನು ಬೆಳಗಾವಿಯಲ್ಲಿ ಗಾಲಿಗಳ ಅಲೈನ್‌ಮೆಂಟ್ ಮಾಡುವ ಅಂಗಡಿ ಇಟ್ಟವನು. “ಆದ್ರ ತುಕ್ಕಿಲ್ಲ ಅಂದ ಕೂಡ್ಲೆ ರೇಸಿನ ಗಾಡಿ ಆಗೂದಿಲ್ಲ ನೋಡ್ರಿ ಸರ್. ಅರ್ಧಾ ಬೆಳಗಾವಿ ಇದರ ಮ್ಯಾಲ ಕ್ಲಚ್ ಬಿಡಾಕ ಕಲ್ತೈತಿ.”

“ಕ್ಲಚ್ ಪ್ಲೇಟ್ ಹೊಸಾದು ಐತಿ,” ಎಂದರು ಮಾರ್ತಾಂಡ ಸರ್.

“ಗೇರ್?”

“ಅದನ್ನ ನಿನ್ನ ತಂಗೀನ್ನ ಕೇಳು. ಸೆಕೆಂಡ್ ಗೇರಿನ ಹಲ್ಲು ತಿಂದಾಕಿ ಆಕಿನಽ.”

ಅರ್ಶಿಯಾ ನಕ್ಕಳು. ಅವಳು ಕಲಿತದ್ದು ಇದೇ ಕಾರಿನಲ್ಲಿ, ಇದೇ ಸರ್ ಬಾಜು ಕುಳಿತು. ಈಗ ಸರ್ ಸ್ಕೂಲು ಮುಚ್ಚುತ್ತಿದ್ದರು, ಕಾರು ಅಗ್ಗಕ್ಕೆ ಸಿಗುವುದಿತ್ತು. ಅವಳ ಕೈಗೆ ನಿಲುಕುವ ಕಾರು ಬೇರೊಂದಿರಲಿಲ್ಲ.

“ಹಗುರ ಐತಿ ಭೈಯಾ,” ಎಂದಳು. “ಸಾಮಾನು ಎಲ್ಲಾ ಕಡೆ ಸಿಗತಾವು. ಎಲ್ಯರ ಬಡದ್ರೂ ಅಳೂಹಂಗಿಲ್ಲ.”

“ಗಾಡಿ ಬಡದ್ರ ಅಳೂದು ಬ್ಯಾಡ. ನೀ ಬಡದ್ರ ಅಮ್ಮಿ ಮುಂದ ನಾ ಅಳಬೇಕಾಕ್ಕೈತಿ.”

ಅದು ಪೂರ್ತಿ ತಮಾಷೆಯ ಮಾತಲ್ಲ. ಹೊಸಬರ ಪಂದ್ಯಕ್ಕೆ ಹೆಸರು ಕೊಡಲು ನಾಳೆ ಕೊನೆಯ ದಿನ, ಕಾರು ಸ್ವಂತದ್ದಿರಬೇಕು. ಗಾಡಿ ಗಟ್ಟಿ ಇದೆ ಎಂದು ಖಲೀಲ ಒಪ್ಪಿದರೆ ಮಾತ್ರ ಹೋಗು ಎಂದಿದ್ದರು ಅಮ್ಮಿ. ಖಲೀಲ ತನ್ನ ಒಪ್ಪಿಗೆಗೊಂದು ಅಳತೆ ಇಟ್ಟಿದ್ದ. ಹೋದ ವರ್ಷ ಹೊಸಬರಲ್ಲಿ ಕಟ್ಟಕಡೆಗೆ ಬಂದವನು ಒಂದು ಸುತ್ತಿಗೆ ತೆಗೆದುಕೊಂಡ ಹೊತ್ತು ಅವನ ಫೋನಿನಲ್ಲಿತ್ತು. “ಅವನ ಟೈಮಿಗಾದ್ರೂ ಮುಟ್ಟಬೇಕು. ಅದೂ ಆಗಲಿಲ್ಲ ಅಂದ್ರ ಇದು ತರಕಾರಿ ತರೂ ಗಾಡಿ.”

ಮಾರ್ತಾಂಡ ಸರ್ ಅವರದು ಇನ್ನೊಂದು ಷರತ್ತು. ಕಲಿಸುವ ಕಾರಿನಲ್ಲಿ ಎಡಗಡೆ ಕೂತು ಕಲಿಸುವವರಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ. ಒಂದು ಕಬ್ಬಿಣದ ಸಲಾಕೆ ಆ ಬ್ರೇಕನ್ನು ಓಡಿಸುವವರ ಬ್ರೇಕಿಗೆ ಜೋಡಿಸಿರುತ್ತದೆ.

“ನಾ ಎಡಕ ಕುಂದರತೇನಿ,” ಎಂದರು. “ನನ್ನ ಬ್ರೇಕ್ ಒತ್ತೂ ಪ್ರಸಂಗ ಬಂತು ಅಂದ್ರ ಗಾಡಿ ನಿನಗಿಲ್ಲ. ನಾ ಕಲಿಸಿದ ಪೋರಿ ನನ್ನ ಗಾಡ್ಯಾಗ ಹೊಂಡಕ್ಕ ಬಿದ್ಲು ಅಂತ ಟಿಳಕವಾಡಿ ಮಂದಿ ಆಡ್ಕೊಳ್ಳೂದು ಬ್ಯಾಡ.”

ಬಿಸ್ಮಿಲ್ಲಾ ಎಂದು ಅರ್ಶಿಯಾ ಕೀಲಿ ತಿರುವಿದಳು.

ಮೊದಲ ಸುತ್ತಿನಲ್ಲಿ ತಿರುವುಗಳೇನೋ ಚಲೋ ಬಂದವು. ಸಣ್ಣ ಕಾರು ಅವಳ ಮುಂಗೈ ತಿರುಗಿದಂತೆ ತಿರುಗಿತು. ನೇರ ದಾರಿಗೆ ಬಂದಾಗ ಮಾತ್ರ ಯಾರೋ ಹಿಂದಿನಿಂದ ದುಪಟ್ಟಾ ಹಿಡಿದು ಜಗ್ಗಿದಂತಾಯಿತು. ಸುತ್ತು ಮುಗಿಸಿ ಬಂದಾಗ ಖಲೀಲ ಫೋನು ನೋಡಿ, ಇಲ್ಲ ಎಂದು ಕೈ ಆಡಿಸಿದ.

ಎರಡನೆಯ ಸುತ್ತಿನಲ್ಲಿ ಅವಳು ಕಿವಿಗೊಟ್ಟಳು.

ಅವಳ ಅಜ್ಜ ಮದಾರಸಾಬ ಮೊಹರಮ್ಮಿನಲ್ಲಿ ರಿವಾಯತ್ ಪದ ಹೇಳುತ್ತಿದ್ದರು. ಅವರ ಮಗ್ಗುಲಲ್ಲಿ ಕುಳಿತು ಕೇಳಿ ಬೆಳೆದವಳಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿತ್ತು. ಸಾಲು ಭಾರವಾದರೆ ಪ್ರತಿಸಲವೂ ಅದು ಪದ ಹೇಳುವವನದೇ ತಪ್ಪಾಗಿರಬೇಕೆಂದಿಲ್ಲ. ಹಿಮ್ಮೇಳದಲ್ಲಿ ಒಬ್ಬ ಎಳೆಯುತ್ತಿದ್ದರೂ ಸಾಲು ಹಿಂದೆ ಬೀಳುತ್ತದೆ. ಎಂಜಿನ್ನಿನ ದನಿ ತುಂಬಿಯೇ ಇತ್ತು, ಉಸಿರು ಎಲ್ಲೂ ಕಡಿಯುತ್ತಿರಲಿಲ್ಲ. ಆದರೂ ಕಾರು ಹಿಂದೆ ಬೀಳುತ್ತಿತ್ತು. ಎಳೆಯುವವರು ಬೇರೆ ಯಾರೋ ಇದ್ದರು.

ಅವಳು ಕಣ್ಣ ತುದಿಯಿಂದ ಎಡಕ್ಕೆ ನೋಡಿದಳು.

ಸರ್ ನೆಟ್ಟಗೆ ಕುಳಿತಿದ್ದರು, ಕೈಗಳು ತೊಡೆಯ ಮೇಲೆ, ದೃಷ್ಟಿ ದಾರಿಯ ಮೇಲೆ. ಅವರ ಬಲಗಾಲಿನ ಕರಿ ಬೂಟು ಬ್ರೇಕಿನ ಮೇಲಿತ್ತು. ಅವರು ಒತ್ತುತ್ತಿರಲಿಲ್ಲ. ಮಣೆಯ ಮೇಲೆ ಕಾಲಿಟ್ಟು ಕೂತವರ ಹಾಗೆ, ಸುಮ್ಮನೆ ಇಟ್ಟಿದ್ದರು.

ಹೇಳುವುದು ಹೇಗೆ? ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು ಎಂದು ಮೊದಲ ದಿನವೇ ಅವಳಿಗೆ ಹೇಳಿಕೊಟ್ಟವರು ಅವರು.

“ಸರ್, ಗಾಡಿ ಓಡವಲ್ದಲ್ರಿ.”

“ಹಳೇ ಗಾಡಿ ಅದ ಪೋರಿ.”

“ನಿಮ್ಮ ಕಾಲು... ಆರಾಮ ಅದಾವೇನ್ರಿ?”

“ನನ್ನ ಕಾಲಿಗೇನಾಗೈತಿ? ಮುಂದ ನೋಡು, ಮುಂದ!”

ಖಲೀಲ ಮತ್ತೆ ಕೈ ಆಡಿಸಿ, ಇನ್ನೊಂದೇ ಸುತ್ತು ಎಂದು ಬೆರಳು ತೋರಿಸಿದ. ಕಿಟಕಿಯಿಂದ ಏನೋ ಸುಟ್ಟ ವಾಸನೆ ಒಳಗೆ ಬರುತ್ತಿತ್ತು. ನಿಲ್ಲಿಸಿ ಹೇಳಬೇಕಿತ್ತು. ತಿರುವುಗಳಲ್ಲೇ ಹೊತ್ತು ಉಳಿಸಿದರೆ ಸಾಕು, ಸರ್ ಮನಸ್ಸು ನೋಯಿಸುವುದು ಬೇಡ ಎಂದುಕೊಂಡು ಅವಳು ಕಾರನ್ನು ಮುಂದಕ್ಕೆ ಬಿಟ್ಟಳು.

ಮೊದಲ ತಿರುವು, ಎರಡನೆಯ ತಿರುವು, ಮತ್ತೆ ನೇರ ದಾರಿ. ಚಿಮಣಿ ಹತ್ತಿರ ಬಂತು. ಅರ್ಶಿಯಾ ಬ್ರೇಕು ಒತ್ತಿದಳು.

ಪೆಡಲು ಬೆಣ್ಣೆಯಲ್ಲಿ ಇಳಿದಂತೆ ತಳಕ್ಕೆ ಇಳಿಯಿತು. ಕಾರು ನಿಧಾನವಾಗಲಿಲ್ಲ. ಕಾಲೆತ್ತಿ ಮತ್ತೆ ಒತ್ತಿದಳು. ಏನೂ ಇಲ್ಲ. ಚಿಮಣಿ ಹಿಂದೆ ಹೋಯಿತು.

“ಬ್ರೇಕ್! ಅರ್ಶಿಯಾ, ಬ್ರೇಕ್!” ಸರ್ ತಮ್ಮ ಪೆಡಲನ್ನು ಧಡ್ ಎಂದು ಒದ್ದರು. ಅದೂ ತಳಕ್ಕೆ ಹೋಯಿತು. ಪೆಡಲು ಎರಡಾದರೇನು, ಬ್ರೇಕು ಒಂದೇ.

ಮುಂದೆ ನೀರು ಹೊಳೆಯುತ್ತಿತ್ತು. ಅವಳು ಮೂರನೆಯ ಗೇರಿಗೆ ಇಳಿಸಿದಳು, ಆಮೇಲೆ ಎರಡನೆಯದಕ್ಕೆ. ತಾನೇ ತಿಂದಿದ್ದ ಹಲ್ಲು ಕರಕರ ಎಂದು ಅಳುತ್ತ ಒಳಗೆ ಕೂತಿತು. ಎಂಜಿನ್ನು ಚೀರಿತು. ಸ್ಟಿಯರಿಂಗ್ ಬಲಕ್ಕೆ ಎಳೆದು ಹ್ಯಾಂಡ್‌ಬ್ರೇಕು ಎತ್ತಿದಳು. ಕಾರಿನ ಹಿಂಭಾಗ ಮಣ್ಣಿನ ಮೇಲೆ ಜಾರಿತು, ಜಾರಿತು, ಜಾರಿ ನಿಂತಿತು.

ಕೆಂಪು ಧೂಳು ಇಳಿದಾಗ ಸರ್ ತಮ್ಮ ಕಿಟಕಿಯಿಂದ ಕೆಳಗೆ ನೋಡಿದರು. ನೇರ ಕೆಳಗೆ ನೀರು.

“ಆ ಬಾಗಲಾ ತಗೀಬ್ಯಾಡ್ರಿ ಸರ್,” ಎಂದಳು ಅರ್ಶಿಯಾ. “ನನ್ನ ಕಡೆಯಿಂದ ಇಳೀರಿ.”

ಖಲೀಲ ಓಡಿ ಬಂದ. ಮುಂದಿನ ಗಾಲಿಗಳಿಂದ ಹೊಗೆ ಏಳುತ್ತಿತ್ತು. ತಂಗಿಯ ಎರಡೂ ತೋಳು ಹಿಡಿದು ನೋಡಿ, ಬಿಟ್ಟ. “ಬ್ರೇಕ್ ಆಯಿಲ್ ಕುದ್ದೈತಿ. ಮುಗೀತು. ಈ ಗಾಡಿ ಬ್ಯಾಡ.”

“ನಾನೂ ಒತ್ತಿದೆ,” ಎಂದರು ಸರ್. “ಮಾತು ಅಂದ್ರ ಮಾತು. ಗಾಡಿ ಕೊಡೂದಿಲ್ಲ.”

ಇಬ್ಬರೂ ಇಲ್ಲ ಎಂದಿದ್ದರು. ಅರ್ಶಿಯಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡಳು.

“ಸರ್, ತಪ್ಪು ತಿಳೀಬ್ಯಾಡ್ರಿ. ನೀವು ಮೊದಲ ಸುತ್ತಿನಿಂದಽ ಬ್ರೇಕ್ ಮ್ಯಾಲ ಕಾಲಿಟ್ಕೊಂಡು ಕುಂತೀರಿ. ಅದಕ್ಕಽ ಕಾದು ಕುದ್ದೈತಿ.”

“ನಾ?” ಅವರ ಮುಖ ಕೆಂಪಾಯಿತು. “ಎಷ್ಟ ಮಂದಿಗೆ ಇದಽ ಮಾತು ಹೇಳಿ ಹೇಳಿ ನನ್ನ ಗಂಟಲು ಹರದೈತಿ. ನೀ ನನಗ ಹೇಳ್ತಿ? ಖಲೀಲ, ಕೇಳಿದ್ಯಾ ನಿನ್ನ ತಂಗಿ ಮಾತು?”

“ಚುಪ್ ಬೈಠ್,” ಎಂದು ಖಲೀಲ ಮನೆಯ ಮಾತಿನಲ್ಲಿ ಗದರಿದ.

ಅವಳು ಅಣ್ಣನ ಜೇಬಿನಿಂದ ಟಾರ್ಚು ತೆಗೆದುಕೊಂಡು ತನ್ನ ಬಾಗಿಲಿನ ಬಳಿ ಮಂಡಿಯೂರಿ ಕಾರಿನ ಒಳಗೆ ಬೆಳಕು ಬಿಟ್ಟಳು. ಅಷ್ಟೊಂದು ಮಂದಿ ತುಳಿದಿದ್ದರೂ ಓಡಿಸುವವರ ಬ್ರೇಕಿನ ರಬ್ಬರಿನ ಮೇಲೆ ಗೆರೆಗಳು ಇನ್ನೂ ಕಾಣುತ್ತಿದ್ದವು. ಎಡಗಡೆಯ ಪೆಡಲಿನ ರಬ್ಬರು ನುಣ್ಣಗಾಗಿ, ಬೂಟಿನ ತುದಿಯ ಆಕಾರದಲ್ಲಿ ಸವೆದು, ನಡುವೆ ಕಬ್ಬಿಣ ಮಿಂಚುತ್ತಿತ್ತು.

ಸರ್ ಬಗ್ಗಿ ನೋಡಿದರು. ಕೈ ಚಾಚಿ ಹೆಬ್ಬೆರಳಿನಿಂದ ಆ ಮಿಂಚನ್ನು ಒಮ್ಮೆ ಸವರಿದರು.

“ಅರೇ ದೇವಾ,” ಎಂದರು ಕೊನೆಗೆ. ಹೋಗಿ ಒಡೆದ ಹಂಚಿನ ರಾಶಿಯ ಮೇಲೆ ಕುಳಿತರು. “ಬ್ರೇಕ್ ಪ್ಯಾಡ್ ಲಗೂನ ಸವೀತಾವ ಅಂತ ಅಂಗಡಿಯವನ್ನ ಬೈತಿದ್ದೆ. ಅಂವಾ ಪಾಪ ಚಹಾ ಕುಡಿಸಿ ಕಳಸ್ತಿದ್ದ.” ತಮ್ಮ ಬೂಟು ನೋಡಿಕೊಂಡು, “ಹಂಗಾರ ಇಷ್ಟ ಮಂದಿ ಕಲ್ತಿದ್ದು ನನ್ನ ಕಾಲಿನ ಮ್ಯಾಲ,” ಎಂದರು.

ಖಲೀಲ ತನ್ನ ಮೋಟಾರ್ ಸೈಕಲ್ಲಿನ ಕಡೆ ನಡೆದ. “ಎಲ್ಲಿಗೆ ಭೈಯಾ?” ಎಂದಳು ಅರ್ಶಿಯಾ.

“ಪ್ಯಾಟಿಗೆ. ಬ್ರೇಕ್ ಆಯಿಲ್ ತರತೇನಿ. ಗಾಡಿ ಎಂಥಾದ್ದು ಅಂತ ಇನ್ನೂ ಗೊತ್ತಽ ಆಗಿಲ್ಲಲ್ಲ.”

ಗಾಲಿಗಳು ಆರಿದ ಮೇಲೆ ಅಣ್ಣ ತಂಗಿ ಹಳೆಯ ಎಣ್ಣೆ ಬಸಿದು ಹೊಸದು ತುಂಬಿದರು. ಒತ್ತು ಎಂದಾಗ ಅವಳು ಒತ್ತಿದಳು, ಬಿಡು ಎಂದಾಗ ಬಿಟ್ಟಳು. ಪೆಡಲು ಕಲ್ಲಿನಂತೆ ಗಟ್ಟಿಯಾಗುವವರೆಗೆ. ಅದು ಮುಗಿಯುತ್ತಲೇ ಸರ್ ಎದ್ದು ಬಂದು ಪಾನಾ ತೆಗೆದುಕೊಂಡರು. ಎಡಗಡೆಯ ಸಲಾಕೆಯ ಬೋಲ್ಟುಗಳನ್ನು ತಾವೇ ಬಿಚ್ಚಿದರು. ಬಿಚ್ಚಿ ಎಂದು ಯಾರೂ ಹೇಳಿರಲಿಲ್ಲ. ಕಳಚಿದ ಎಡಗಡೆಯ ಎರಡೂ ಪೆಡಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಚಿಮಣಿಯ ತನಕ ನಡೆದು ಹೋಗಿ ಅಲ್ಲಿ ನಿಂತರು.

“ಒಂದಽ ಸುತ್ತು,” ಎಂದ ಖಲೀಲ. “ಶುರೂಕ ಮೆಲ್ಲಕ ಒತ್ತಿ ನೋಡು. ಹಿಡದ್ರ ಅಷ್ಟಽ ಮುಂದ ಹೋಗು.”

ಬ್ರೇಕು ಹಿಡಿಯಿತು. ಅರ್ಶಿಯಾ ಮುಂದೆ ಹೋದಳು. ಬಾಜು ಸೀಟು ಖಾಲಿ ಇತ್ತು. ನೇರ ದಾರಿಯಲ್ಲಿ ಎಂಜಿನ್ನು ಒಂದೇ ಉಸಿರಿನಲ್ಲಿ ಸಾಲನ್ನು ಎತ್ತಿಕೊಂಡಿತು, ಎಲ್ಲೂ ಯಾರೂ ಎಳೆಯಲಿಲ್ಲ. ಚಿಮಣಿ. ಸರ್ ನಿಂತ ಆಕೃತಿ. ಅವಳ ಕಾಲು ಇಳಿಯಿತು, ಕಾರು ಮೂಗು ತಗ್ಗಿಸಿ ಮಾತು ಕೇಳಿತು, ಹೊಂಡವನ್ನು ಎಡಕ್ಕೆ ಬಿಟ್ಟು ಬಲಕ್ಕೆ ತಿರುಗಿತು.

ಖಲೀಲ ಫೋನನ್ನು ಬಹಳ ಹೊತ್ತು ನೋಡಿದ. “ಕಟ್ಟಕಡೀದವನ್ನ ಹಿಂದ ಹಾಕಿದಿ. ಅವನ ಮುಂದಿನಾವ ಸಿಕ್ಕಿಲ್ಲ.”

“ಅಮ್ಮಿಗೆ ಏನಂತಿ?”

“ಗಾಡಿ ಗಟ್ಟಿ ಐತಿ ಅಂತೇನಿ. ಹೊಂಡದ ಸುದ್ದಿ ನೀನಽ ಹೇಳು.”

ಅವಳು ಕಾರು ಬಿಟ್ಟು ಚಿಮಣಿಯ ಕಡೆ ನಡೆದಳು. ಸರ್ ಇದ್ದಲ್ಲೇ ಇದ್ದರು.

“ಒತ್ತೂ ಪ್ರಸಂಗ ಬಂತೇನ್ರಿ ಸರ್?”

ಅವರು ಕೆಳಗೆ ನೋಡಿದರು, ಅವಳೂ ನೋಡಿದಳು. ಅವರ ಬಲಗಾಲಿನ ಬೂಟು ಕೆಂಪು ಮಣ್ಣಿನಲ್ಲಿ ತುದಿಯವರೆಗೆ ಹೂತಿತ್ತು.

“ಒತ್ತಿದೆ,” ಎಂದರು. ಕಾಲು ಮೇಲೆತ್ತಿ, ಬೂಟಿನಿಂದ ಆ ಕುಳಿಗೆ ಮಣ್ಣು ಸರಿಸಿದರು. “ಬೇಕಾಗಿದ್ದಿಲ್ಲ. ಮ್ಯಾಲಿನ ಬೋರ್ಡ್ ಬಿಚ್ಚಿ ಕೊಟ್ಟು, ಗಾಡಿ ಒಯ್ಯಿ.”